ಅಪ್ಪನ ಎದೆಯ ಮೇಲಿನ ಕೂಸು

ಚಿಕ್ಕಂದಿನಲ್ಲಿ ನಾನು ಮಾತುಮಾತಿಗೂ ‘ಎಂತಕ್ಕೆ?’ ಎನ್ನುತ್ತಿದ್ದೆ. “ಎಂತಕ್ಕೆ ಹೇಳಿ ಕೇಳಡ ಕೂಸೆ, ಹೇಳಿದಷ್ಟು ಮಾಡು” ಎಂದು ಹುಲೇಕಲ್ಲಿನ ಮನೆಯಲ್ಲಿ ನಮ್ಮ ಆಯಿ, ಎಂದರೆ ಅಮ್ಮ, ಗದರುತ್ತಿದ್ದಳು. ನರ್ಸಿಂಗ್ ಓದಲು ಶಿರಸಿಗೆ ಬಂದ ಮೇಲೆ, ಸಂಶೋಧನಾ ವಿಧಾನ ಎಂಬ ಪಾಠದಲ್ಲಿ ಅದೇ ಪ್ರಶ್ನೆಗೆ ಅಂಕ ಕೊಡುತ್ತಾರೆಂದು ತಿಳಿದು ಒಳಗೊಳಗೇ ಖುಷಿಯಾಯಿತು. ಆದರೆ ಪುಸ್ತಕ ಮಾತ್ರ ಒಣಒಣ. ಮಾದರಿ, ಹೋಲಿಕೆಯ ಗುಂಪು, ಒಪ್ಪಿಗೆ ಪತ್ರ ಎಂದು ಓದುತ್ತ ಹೋದಂತೆ ತೂಕಡಿಕೆ ಬರುತ್ತಿತ್ತು.

ಆ ತೂಕಡಿಕೆ ಬಿಟ್ಟದ್ದು ಬಾಣಂತಿಯರ ವಾರ್ಡಿನಲ್ಲಿ, ಒಂದು ಮಧ್ಯಾಹ್ನ. ಬನವಾಸಿ ಕಡೆಯ ಕುಟುಂಬ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಅಂಗಾಲು ತಣ್ಣಗಿತ್ತು. ಸಿಸೇರಿಯನ್ ಆದ ತಾಯಿ ಚಳಿಜ್ವರದಲ್ಲಿ ನಡುಗುತ್ತಿದ್ದಳು, ಎತ್ತಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಶಾಖ ಕೊಡುವ ಒಂದೇ ಒಂದು ವಾರ್ಮರಿನಲ್ಲಿ ಇದಕ್ಕಿಂತ ಸಣ್ಣ ಕೂಸೊಂದು ಮಲಗಿತ್ತು. ಅಂಥ ಎಳೆಕೂಸು ಹಾಗೇ ತಣ್ಣಗಾಗುತ್ತ ಹೋದರೆ ಜೀವಕ್ಕೇ ಕುತ್ತು. ಕೂಸಿನ ಅಜ್ಜಿ ಎಣ್ಣೆ ಬಾಟಲಿ ಹಿಡಿದು ನಿಂತಿದ್ದರು.

“ಈಟು ಎಣ್ಣಿ ಹಚ್ಚಿ ಬಿಸಿನೀರಾಗ ಎರೆದ್ರ ಬೆಚ್ಚಗಾಕ್ಕತಿ” ಎಂದರು. ಅವರ ಮನೆಯ ಕೂಸುಗಳೆಲ್ಲ ಹಾಗೇ ಬೆಳೆದಿದ್ದವು.

ತರಗತಿಯಲ್ಲಿ ಆಗಷ್ಟೇ ಓದಿದ್ದು ನನಗೆ ನೆನಪಾಯಿತು. ಒದ್ದೆ ಮೈ ಇನ್ನಷ್ಟು ತಣಿಯುತ್ತದೆ, ಸ್ನಾನ ಮುಂದೂಡಬೇಕು. ಬರಿಮೈಗೆ ಬರಿಮೈ ತಾಗುವಂತೆ ಎದೆಯ ಮೇಲೆ ಮಲಗಿಸಬೇಕು. ತಾಯಿಗೆ ಆಗದಿದ್ದರೆ ತಂದೆಯ ಎದೆಯೂ ಆದೀತು. ಸಿಸ್ಟರಿಗೆ ಹೇಳಿದೆ. ಅವರು ಡಾಕ್ಟರನ್ನು ಕೇಳಿ ಬಂದು, “ಅಪ್ಪನ್ನ ಕರಿ” ಎಂದರು.

ಅಪ್ಪ ಬಾಗಿಲಾಚೆ ನಿಂತಿದ್ದ. ಬಾಣಂತಿ ಇರುವಲ್ಲಿಗೆ ಗಂಡಸರು ಕಾಲಿಡುವುದು ಅವರಲ್ಲಿ ರೂಢಿಯಿಲ್ಲ.

“ಗಂಡ್ಸು ಬಾಣಂತನಾ ಮಾಡಿದ್ದು ಎಲ್ಲೆರ ಕೇಳಿಯೇನವ್ವಾ?” ಎಂದರು ಅಜ್ಜಿ.

“ಕೇಳಿಲ್ಲ ಅಜ್ಜಿ, ಓದಿದೀನಿ” ಎಂದೆ. ನಾನೂ ಬಿಡುವವಳಲ್ಲ.

ಪರದೆ ಎಳೆದೆವು. ಆತ ಅಂಗಿ ಬಿಚ್ಚಿ ದಿಂಬಿಗೊರಗಿದ. ಕೂಸನ್ನು ಅವನ ಎದೆಯ ಮೇಲೆ ಮಲಗಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಕಂಬಳಿ ಹೊದೆಸಿದೆ. ಉಸಿರಾಡಲೂ ಹೆದರುತ್ತಿದ್ದ, ಪಾಪ. ಒಳಗೊಳಗೇ ನನಗೂ ಭಯ. ಪುಸ್ತಕದ ಮಾತು ಇಲ್ಲಿ ನಡೆಯದಿದ್ದರೆ?

ಅರ್ಧ ಗಂಟೆ ಕಳೆದ ಮೇಲೆ ಕೂಸಿನ ಮೈಬಿಸಿ ನೋಡಲು ಥರ್ಮಾಮೀಟರ್ ಇಟ್ಟೆ. ಏರಿತ್ತು. ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಇನ್ನಷ್ಟು ಏರಿತ್ತು. ಅಜ್ಜಿ ಅದನ್ನು ನಂಬಲಿಲ್ಲ. ಕಂಬಳಿಯೊಳಗೆ ಕೈ ತೂರಿಸಿ ಅಂಗಾಲು ಮುಟ್ಟಿ ನೋಡಿದರು. ಆಮೇಲೆ ಎಣ್ಣೆ ಬಾಟಲಿಯ ಮುಚ್ಚಳ ಬಿಗಿ ಮಾಡಿ ಚೀಲಕ್ಕೆ ಹಾಕಿದರು.

ಆಗ ನನಗೆ ಪಾಠದ ಆ ಒಪ್ಪಿಗೆ ಪತ್ರ ನೆನಪಾಯಿತು. ಎಲ್ಲೆಲ್ಲಿಯದೋ ಆಸ್ಪತ್ರೆಗಳಲ್ಲಿ, ನಾನೆಂದೂ ಕಾಣದ ತಂದೆತಾಯಿಯರು ತಮ್ಮ ಎಳೆಕೂಸುಗಳನ್ನು ಹೀಗೆ ಮಲಗಿಸಿ ಮೈಬಿಸಿ ಅಳೆಯಲು ‘ಹೂಂ’ ಎಂದಿದ್ದರು. ಏನಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಪುಸ್ತಕದ ಆ ಒಣ ಸಾಲುಗಳ ಹಿಂದೆ ಇದ್ದದ್ದು ಅವರು. ಅಷ್ಟು ದೊಡ್ಡ ಉಪಕಾರವನ್ನು ಹಾಗೆ ಎದುರಿಗೇ ನಾನು ಅದುವರೆಗೆ ಕಂಡಿರಲಿಲ್ಲ.

“ಇದನ್ನ ಯಾರು ಕಂಡುಹಿಡಿದ್ರೀ?” ಆ ಅಪ್ಪ ಮೆಲ್ಲಗೆ ಕೇಳಿದ.

“ನಿಮ್ಮಂಥ ಅಪ್ಪ-ಅಮ್ಮಂದಿರೇ, ತಮ್ಮ ಕೂಸಿನ ಮೈಬಿಸಿ ಬರ್ಕೊಳ್ಳೋಕೆ ಒಪ್ಪಿದವರು. ಅವರ ಹೆಸರು ಬರೆದಿರೋದಿಲ್ಲ” ಎಂದೆ.

ಆತ ಕೂಸಿನ ಟೊಪ್ಪಿಗೆ ಸರಿಮಾಡಿದ.

“ಹಂಗಾರ ನಮ್ಮ ಕೂಸಿಂದೂ ಬರ್ಕೊಳ್ರಿ” ಎಂದ. “ಮುಂದ ಹುಟ್ಟೋ ಕೂಸಿಗೆ ಬೇಕಾಕ್ಕತಿ.”