ಪೆಂಡ್ರಿ ವಕೀಲರ ಟೋಪಿ

ಈಗ ವಾಷಿಂಗ್ಟನ್ನಿನ ಕಾಂಗ್ರೆಸ್ ಸಭೆಯಲ್ಲಿ ಕೂತಿರುವ ಸೈಲಸ್ ಪೆಂಡ್ರಿ ವಕೀಲರು ನೋಡದ ಬೇಲಿ ನಮ್ಮ ಕೆಂಟಕಿಯಲ್ಲಿಲ್ಲ. ಮತದಾರ ಕಂಡರೆ ಅವರ ಕುದುರೆ ತಾನಾಗಿ ನಿಲ್ಲುತ್ತಿತ್ತು, ಅದಕ್ಕೆ ಲಾಳ ಹೊಡೆಯುತ್ತಿದ್ದವನು ನಾನೇ. ಜೀನಿನ ಒಂದು ಚೀಲದಲ್ಲಿ ಕಾನೂನು ಪುಸ್ತಕ, ಇನ್ನೊಂದರಲ್ಲಿ ಜೋಳದ ರೊಟ್ಟಿ ತುಂಬಿಕೊಂಡು ಊರೂರಿಗೆ ಹೋಗಿ ಕೋರ್ಟು ನಡೆಸುವ ನ್ಯಾಯಾಧೀಶರ ಹಿಂದೆ ಅಲೆಯುತ್ತಿದ್ದರು. ಛತ್ರದಲ್ಲಿ ಅವರ ಜೊತೆ ಒಂದೇ ಮಂಚದಲ್ಲಿ ಮಲಗಿದವರು, "ನಿದ್ದೇಲೂ ವಾದ ಮಾಡ್ತಾರೆ, ಗೆದ್ದೂ ಬಿಡ್ತಾರೆ" ಎಂದು ದೂರುತ್ತಿದ್ದರು. ಚುನಾವಣೆಯಲ್ಲಿ ಮಾತ್ರ ಎರಡು ಸಲ ಸೋತರು. ಆಗೆಲ್ಲ ಓಟೆಂದರೆ ಎಲ್ಲರೆದುರು ಹೆಸರು ಕೂಗುವುದು, ಗುಮಾಸ್ತ ಅದನ್ನು ಬರೆದುಕೊಳ್ಳುವುದು. ಓಟಿನ ದಿನ ಕೋರ್ಟಿನ ಜಗಲಿಯಲ್ಲಿ ಆ ಗುಮಾಸ್ತನ ಪಕ್ಕ ಕೂತು, ನಾವು ಯಾರ ಹೆಸರು ಕೂಗಿದರೂ ಟೋಪಿ ತೆಗೆದು, "ಉಪಕಾರವಾಯ್ತಪ್ಪ, ನಿನ್ನ ಮಾತು ನೀನು ಹೇಳ್ದೆ" ಎನ್ನುತ್ತಿದ್ದರು. ಎರಡು ಸಲವೂ ನಾನು ಎದುರಾಳಿಯ ಹೆಸರನ್ನೇ ಅವರ ಮುಖಕ್ಕೆ ಕೂಗಿದ್ದೆ. ಆಮೇಲೆ ಯಾರೋ ನನ್ನ ಹೊಲ ತನ್ನದೆಂದು ದಾವೆ ಹೂಡಿದಾಗ ಇದೇ ಪೆಂಡ್ರಿ ವಾದಿಸಿ ಉಳಿಸಿಕೊಟ್ಟರು. ಮೂರನೇ ಚುನಾವಣೆಯಲ್ಲಿ ನಾನು ಎದೆಯುಬ್ಬಿಸಿ "ಪೆಂಡ್ರಿ" ಎಂದೆ. ಟೋಪಿ ಅಲುಗಲಿಲ್ಲ. ಗುಮಾಸ್ತನ ಕೈ ಹಿಡಿದು, "ಬರೀಬೇಡಪ್ಪ" ಎಂದರು, ನನ್ನತ್ತ ತಿರುಗಿ, "ಏನು ಕೇಲಬ್, ಹೊಲ ಉಳಿಸಿದ್ದಕ್ಕಾ ಇದು? ಹೋಗು, ಯೋಚನೆ ಮಾಡ್ಕೊಂಡು ಬಾ." ಸಾಲಿನಲ್ಲಿದ್ದವರು ನಕ್ಕರು. "ಗೆಲ್ಲೋ ಆಸೆ ಇಲ್ವೇನ್ರೀ ವಕೀಲ್ರೇ?" ಎಂದು ಒಬ್ಬ ಕೆಣಕಿದ. "ಗೆಲ್ಲೋವರೆಗೂ ನಿಲ್ತೀನಿ. ಹಂಗಿನ ಓಟು ಮಾತ್ರ ಬೇಡ," ಎಂದರು. ನಾನು ಉರಿದುಕೊಂಡೇ ಕೋರ್ಟಿಗೆ ಒಂದು ಸುತ್ತು ಹಾಕಿದೆ. ಕೈಗೆ ಬಂದ ಓಟನ್ನೇ ವಾಪಸು ಕಳಿಸುವವನು ವಾಷಿಂಗ್ಟನ್ನಿಗೆ ಹೋಗಿ ನಮ್ಮನ್ನು ಮಾರಿಯಾನೇ ಎನಿಸಿತು. ಮತ್ತೆ ಸಾಲಿನಲ್ಲಿ ನಿಂತು, ಅದೇ ಹೆಸರನ್ನು ಮೆಲ್ಲಗೆ ಹೇಳಿದೆ. ಆಗ ಟೋಪಿ ತೆಗೆದರು.