ಮಗಳ ವಹಿಯಲ್ಲಿ ನನ್ನ ಅಕ್ಷರ

“ಎರಡು ವರ್ಷದ ವಹಿ ಎಲ್ಲಾ ತಗೊಂಡ ಹೋಗ್ರಿ. ಅಲ್ಲೆ ನೋಡೇ ನೋಡ್ತಾರ,” ಎಂದು ಶಾಲೆಯ ಹೆಡ್‌ಮಿಸ್ಟ್ರೆಸ್, ದೊಡ್ಡ ಬಾಯಾರು, ಹೇಳಿದರು.

ಮಗಳು ಹತ್ತನೆಯ ತರಗತಿ. ಪಾಠ ಕೇಳಿದರೆ ಪಟಪಟ ಹೇಳುತ್ತಾಳೆ. ಪೆನ್ನು ಹಿಡಿದರೆ ಮಾತ್ರ ಅಕ್ಷರ ಅದಲುಬದಲು, ಎರಡು ಸಾಲಿಗೆ ಅರ್ಧ ತಾಸು. ಬೋರ್ಡ್ ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆದುಕೊಡಲು ಕೆಳಗಿನ ತರಗತಿಯ ಒಬ್ಬ ಹುಡುಗಿ ಬೇಕಿತ್ತು. ಅದಕ್ಕೆ ಧಾರವಾಡದ ಕಚೇರಿಯ ಒಪ್ಪಿಗೆ ಬೇಕು. ಅದು ಸಿಗದಿದ್ದರೆ ಖಾಲಿ ಹಾಳೆ ಕೊಟ್ಟು ಬರುವುದೇ ಸೈ.

ಆದರೆ ಆ ವಹಿಗಳನ್ನು, ಅವಳ ನೋಟ್‌ಬುಕ್ಕುಗಳನ್ನೆಲ್ಲ, ಬರೆದವಳು ನಾನು.

ಅವಳು ಎಂಟನೆಯಲ್ಲಿದ್ದಾಗ ಒಬ್ಬ ಟೀಚರು ಅವಳ ವಹಿ ಎತ್ತಿ ಹಿಡಿದು, ಕೋಳಿ ಕೆದರಿದಂಗ ಐತಿ ಎಂದು ಇಡೀ ಕ್ಲಾಸನ್ನು ನಗಿಸಿದ್ದರು. ಎರಡು ದಿನ ಹುಡುಗಿ ಊಟ ಮುಟ್ಟಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮೇಲಾಗಿ ಚಿಕ್ಕಂದಿನಲ್ಲಿ ದುಂಡಕ್ಷರಕ್ಕೆ ಬಹುಮಾನ ಪಡೆದವಳೆಂಬ ಸೊಕ್ಕು. ಅಂದಿನಿಂದ ಸಂಜೆ ರೊಟ್ಟಿ ಬಡಿದು ಕೈ ತೊಳೆದವಳೇ ವಹಿ ಹಿಡಿಯುತ್ತಿದ್ದೆ. ಅವಳು ಹೇಳುವಳು, ನಾನು ಬರೆಯುವೆ. ಅದೇ ಟೀಚರು ಮುಂದೆ “ಭಾಳ ಸುಧಾರಿಸ್ಯಾಳ್ರಿ” ಎಂದಾಗ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಮಾಡಿದ್ದುಣ್ಣೋ ಮಹರಾಯ.

ಧಾರವಾಡಕ್ಕೆ ಹೋಗಲು ಒಂದು ವಾರವಿತ್ತು. ವಹಿ ಕಳೆದುಹೋದವು ಎನ್ನಲೇ, ಸುಟ್ಟುಬಿಡಲೇ ಎಂದು ಒದ್ದಾಡಿದೆ. ಮಗಳು ಮಾತ್ರ ತಣ್ಣಗಿದ್ದಳು. ಶಾಲೆಯಿಂದ ಬಂದವಳೇ ಬಾಗಿಲು ಮುಂದೆ ಮಾಡಿಕೊಂಡು ಕೂಡುತ್ತಿದ್ದಳು. ಕೇಳಿದರೆ, “ಓದಾಕತ್ತೇನಿ.” ಅವಳ ನಡುಬೆರಳಿನ ಮೇಲೆ ಗುಳ್ಳೆ ಎದ್ದದ್ದನ್ನು ಕಂಡೆ. ಕೇಳಲು ಯಾಕೋ ಹೆದರಿಕೆಯಾಯಿತು.

ಧಾರವಾಡದ ಬಸ್ಸು ರಾಯಾಪುರ ದಾಟುವಾಗ ತಡೆಯಲಾಗದೆ ಅಂದೆ: “ನಾ ಖರೇ ಹೇಳಿಬಿಡ್ತೇನಿ.”

“ಬ್ಯಾಡವ್ವಾ. ನಿನ್ನ ಬೈತಾರ. ನೀ ಸುಮ್ಮನ ಕೂಡು,” ಎಂದಳು. ವಹಿಗಳ ಚೀಲ ನನ್ನ ತೊಡೆಯ ಮೇಲೆ ಭಾರವಾಗುತ್ತಾ ಹೋಯಿತು.

ಕಚೇರಿಯ ಸಾಹೇಬರು ಹಾಳೆ ತಿರುವಿದರು. ಮತ್ತೊಂದು ವಹಿ. ಮತ್ತೊಂದು. “ಮುತ್ತಿನಂಥ ಅಕ್ಷರ ಅದಾವಲ್ರಿ ಅಕ್ಕಾರ! ಇಕಿಗೆ ಬರಿಯಾಕ ಇನ್ನೊಬ್ರು ಯಾಕ?” ಅವರು ಮಗಳ ಮುಂದೆ ಬಿಳಿ ಹಾಳೆ ಸರಿಸಿದರು. “ತಂಗಿ, ಏನರೆ ಒಂದ ಸಾಲು ಬರಿ ನೋಡೂಣು.”

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಮಾತು ಲಂಬಿಸಿತು. ಮಗಳು ತುಟಿ ಕಚ್ಚಿ, ಬೆವರುತ್ತಾ ಬರೆದಳು. ಬಗ್ಗಿ ನೋಡಿದೆ. ನನ್ನದೇ ದುಂಡು, ನನ್ನದೇ ತಲೆಕಟ್ಟು. ‘ಈ ವಹಿಗಳನ್ನು ನಾನೇ ಬರೆದಿದ್ದೇನೆ.’

ಒಂದು ವಾರ ಬಾಗಿಲ ಹಿಂದೆ ಅವಳು ಕಲಿತದ್ದು ಇದೊಂದೇ ಸಾಲನ್ನು. ನಾನು ಸುಳ್ಳಿ ಅನ್ನಿಸಿಕೊಳ್ಳಬಾರದೆಂದು.

ಸಾಹೇಬರು ಫೋನ್ ಇಟ್ಟು ಸಾಲು ಓದಿ, “ಆತಲ್ಲ ಮತ್ತ, ಇಕಿಗೆ ಯಾರೂ ಬ್ಯಾಡ,” ಎಂದು ಅರ್ಜಿಯನ್ನು ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದರು. ನಾನು ಅರ್ಜಿಯ ಮೇಲೆ ಕೈ ಇಟ್ಟುಬಿಟ್ಟೆ.

“ಸರ್, ಅವು ಎಲ್ಲಾ ನಾ ಬರದದ್ದು ರೀ. ಇನ್ನೊಂದ ಸಾಲು ಬರಸ್ರಿ. ನೀವ ಹೇಳಿ ಬರಸ್ರಿ.”

ಅವರು ಎದುರಿನ ಪತ್ರಿಕೆಯಿಂದ ಒಂದು ಸಾಲು ಓದಿದರು. ಮಗಳು ನನ್ನನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ ಬರೆಯತೊಡಗಿದಳು. ಮೂರು ಪದ ಆಗುವಷ್ಟರಲ್ಲಿ ಅಕ್ಷರ ಅದಲುಬದಲಾಗಿ, ಪೆನ್ನು ಒತ್ತಿ ಹಾಳೆ ಹರಿಯಿತು. ಸಾಹೇಬರು ಅವಳನ್ನು ನೋಡಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಹಿ ಹಾಕಿದರು.

ಬೇಕಾದದ್ದು ಸಿಕ್ಕಿತ್ತು. ತಿರುಗಿ ಬರುವ ಬಸ್ಸಿನಲ್ಲಿ ಬೈರಿದೇವರಕೊಪ್ಪದವರೆಗೂ ಅವಳು ಕಿಡಕಿಯತ್ತ ಮುಖ ಮಾಡಿ ಕೂತಿದ್ದಳು. ಬಲಗೈಯನ್ನು ದುಪಟ್ಟಾದೊಳಗೆ ಸುತ್ತಿಕೊಂಡಿದ್ದಳು.

“ಅವ್ವಾ,” ಎಂದಳು ಕೊನೆಗೆ. “ಮೊದಲನೇ ಸಾಲು ಛಲೋ ಬಂದಿತ್ತಲ್ಲಾ?”