ಎಂಟು ಎಂಎಂ ಅಹಂಕಾರ

ಹೊಸೂರಿನ ಲಾರಿ ಫ್ಯಾಕ್ಟರಿಯಲ್ಲಿ ಮೂವತ್ತಮೂರು ವರ್ಷ ಬೋಲ್ಟು ಬಿಗಿದು ರಿಟೈರಾದವನು ನಾನು. ನನ್ನ ಕೈಯಲ್ಲಿ ಮುರಿದಿದ್ದು ಒಂದೇ ಬೋಲ್ಟು. ಅದನ್ನೂ ಎಂಥ ದಿನ, ಎಂಥ ಗಾಡಿಯಲ್ಲಿ ಮುರಿದೆ ಅಂತ ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ.

ಗಾಡಿ ನಮ್ಮ ಭಾವನದು. ಸೂಳಗಿರಿಯಲ್ಲಿ ಟೊಮೇಟೊ ಬೆಳೆಯುವ ಈ ಮನುಷ್ಯ ಕ್ರೇಟುಗಳನ್ನೆಲ್ಲ ಮಳೆಗೆ ಬಿಟ್ಟು ಶೆಡ್ಡಿನಲ್ಲಿ ಒಂದು ಅಮೆರಿಕನ್ ಕಾರನ್ನು ಸಾಕಿಕೊಂಡಿದ್ದಾರೆ. ಅವರಪ್ಪ ಕೊಂಡಿದ್ದು. ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಹಡಗು ಹತ್ತಿ ಬಂದದ್ದನ್ನು ಮದ್ರಾಸಿನಲ್ಲಿ ನಮ್ಮವರೇ ಜೋಡಿಸಿದರಂತೆ. ಹಾಗಾದರೆ ಇದು ಅಮೆರಿಕದ್ದು ಹೇಗಾಯಿತು ಭಾವ ಅಂತ ಕೆಣಕಿದರೆ, ನಿಮ್ಮಕ್ಕ ನಾಟ್ರಾಂಪಾಳ್ಯದಲ್ಲಿ ಹುಟ್ಟಿ ಐವತ್ತು ವರ್ಷದಿಂದ ಸೂಳಗಿರೀಲವಳೆ, ಅವಳು ಯಾವೂರೋಳು ಹೇಳ್ಲಾ ಅನ್ನುತ್ತಿದ್ದರು. ಈಗಂತೂ ಕಾರಿನ ಬಾಗಿಲು ಕೋಲಾರದ ಗುಜರಿಯದು, ದೀಪದ ಸುತ್ತಿನ ಬಳೆ ಕೃಷ್ಣಗಿರಿಯ ಪಾತ್ರೆಗಾರ ಬಡಿದುಕೊಟ್ಟದ್ದು, ಸೀಟಿನೊಳಗೆ ಇಲ್ಲಿಯದೇ ತೆಂಗಿನ ನಾರು. ಊರು ಯಾವುದು ಅಂತ ಕೇಳಿದರೆ ಗಾಡಿಗೇ ಗೊಂದಲವಾದೀತು.

ಅಕ್ಕ ಮದುವಣಗಿತ್ತಿಯಾಗಿ ಬಂದಿಳಿದದ್ದು ಇದೇ ಕಾರಿನಲ್ಲಿ. ಅಂಚೆಟ್ಟಿ ಕಾಡಿನ ತಿರುವುಗಳಲ್ಲಿ ಅವಳು ಎರಡು ಸಲ ವಾಂತಿ ಮಾಡಿಕೊಂಡದ್ದು, ಎರಡು ಸಲವೂ ಹೊಸ ಅಳಿಯ ಚೊಂಬು ಹಿಡಿದು ಇಳಿದದ್ದು ನಮ್ಮ ಮನೆಯಲ್ಲಿ ಇನ್ನೂ ಮಾತಿಗೆ ಬರುತ್ತದೆ. ಆಮೇಲೆ ಗಾಡಿ ಕೆಟ್ಟು ನಿಂತಿತು, ಕಾಲ ಓಡಿತು. ಹನ್ನೆರಡು ವರ್ಷದಿಂದ ಭಾವನಿಗೆ ಒಂದೇ ಹಟ: ಇದನ್ನು ರಿಪೇರಿ ಮಾಡಿ, ಅಕ್ಕನನ್ನು ಅದೇ ದಾರಿಯಲ್ಲಿ ತವರಿಗೆ ಕರೆದೊಯ್ಯಬೇಕು.

ಹೋದ ತಿಂಗಳು ಆ ದಿನ ಬಂತು. ಅಕ್ಕ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮಂಡಿ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತೂ ಆಗಿತ್ತು. ಹೊರಡುವ ಮುಂಚೆ ನೋಡಿದರೆ ನೀರಿನ ಪಂಪಿನ ಒಂದು ಬೋಲ್ಟು ಇಲ್ಲ. ಇದೇನು ಮಹಾ ಅಂತ ನನ್ನ ಡಬ್ಬಿಯಿಂದ ಎಂಟು ಎಂಎಂ ಬೋಲ್ಟು ತೆಗೆದು ತಿರುಗಿಸಿದೆ. ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಿತು. ಅಮೆರಿಕದ ಗಾಡಿಯ ಅಳತೆಯೆಲ್ಲ ಇಂಚಿನದು, ನಮ್ಮ ಫ್ಯಾಕ್ಟರಿಯದು ಮಿಲಿಮೀಟರಿನದು. ನನಗೆ ಗೊತ್ತಿಲ್ಲದ್ದಲ್ಲ, ಆದರೆ ಮೂವತ್ತಮೂರು ವರ್ಷದ ಕೈ ತಲೆಯನ್ನು ಕೇಳುತ್ತದೆಯೇ, ನೀವೇ ಹೇಳಿ. ಸ್ಪ್ಯಾನರ್ ಹಾಕಿ ಒತ್ತಿದೆ. ಕಟಕ್ ಅಂತು. ಅರ್ಧ ಬೋಲ್ಟು ನನ್ನ ಕೈಯಲ್ಲಿ, ಇನ್ನರ್ಧ ಇಂಜಿನ್ನಿನೊಳಗೆ.

ಭಾವ ಬಗ್ಗಿ ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಕೈ ಒರೆಸಿಕೊಂಡು, ಇವತ್ತಾಗಲ್ಲ, ಇಳಿ ಅಂದರು ಅಕ್ಕನಿಗೆ. ಆ ದನಿ ಕೇಳಿ ನನಗೆ ಅಳುವೇ ಬಂತು.

ಅಕ್ಕ ಇಳಿಯಲಿಲ್ಲ. ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆಗೆ ಸರಿದು ಕೂತಳು.

“ಹನ್ನೆರಡು ವರ್ಸ ಇದ್ರ ಕೆಳಗೇ ಮನೀಕಂಡಿದ್ರಿ. ಒಂದ್ಸಲ ಮೇಲಕ್ಕೆ ಬಂದು ನನ್ ಪಕ್ದಲ್ಲಿ ಕುಂತ್ಕಳಿ.”

ಭಾವ ಹತ್ತಿ ಕೂತರು. ನಾನು ಹೊರಗೆ ಬಂದು ಶೆಡ್ಡಿನ ಬಾಗಿಲು ಮುಂದೆ ಎಳೆದೆ. ಗಾಡಿ ಕದಲಲಿಲ್ಲ, ಅವರಿಬ್ಬರೂ ಇಳಿಯಲೂ ಇಲ್ಲ. ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕಿದವನು ನಾನೇ.